ಕಡಲಾಚೆಯ ಬುಕ್ಕಿ, ಐದು ಪೈಸೆಯ ಲೆಕ್ಕ

ಕೆಲವು ವಾರಗಳ ಹಿಂದೆ, ಒಂದು ಕಾಲದಲ್ಲಿ ನನ್ನಲ್ಲಿ ಲೆಕ್ಕ ಹೇಳಿಸಿಕೊಂಡಿದ್ದ ಹುಡುಗನೊಬ್ಬ ಮನೆಗೆ ಬಂದ. ಈಗ ಉದ್ಯೋಗಸ್ಥ. ಕೈಯಲ್ಲೊಂದು ನೋಟ್‌ಬುಕ್ಕು. ‘ಮೇಷ್ಟ್ರೇ, ಇದರಲ್ಲಿ ಎಲ್ಲೋ ತಪ್ಪಿದೆ, ಸ್ವಲ್ಪ ನೋಡಿ’ ಎಂದ. ವಿದೇಶದ ಯಾವುದೋ ಕಂಪನಿಯಲ್ಲಿ ಮೊಬೈಲ್ ಮೂಲಕ ಕ್ರಿಕೆಟ್ ಬಾಜಿ ಕಟ್ಟಿದ್ದ. ಒಂದು ಇನ್ನಿಂಗ್ಸಿನಲ್ಲಿ ಇಂತಿಷ್ಟಕ್ಕಿಂತ ಹೆಚ್ಚು ರನ್ ಬರುತ್ತದೋ ಕಡಿಮೆ ಬರುತ್ತದೋ ಎಂಬಂಥ ಬಾಜಿಗಳು. ತಲಾ 1,000 ರೂಪಾಯಿಯಂತೆ 100 ಸಲ ಕಟ್ಟಿ, 52 ಸಲ ಗೆದ್ದು, 48 ಸಲ ಸೋತಿದ್ದ. ಸೋಲಿಗಿಂತ ಗೆಲುವೇ ಹೆಚ್ಚು. ಆದರೂ ಮೊದಲು ಇಟ್ಟಿದ್ದ 10,000 ರೂಪಾಯಿಯಲ್ಲಿ ಉಳಿದದ್ದು 8,800. ‘ಮೋಸ ಮಾಡಿದ್ದಾರಾ?’ ಎಂದು ಕೇಳಿದ.

ಅವನ ಕೂಡುವ, ಕಳೆಯುವ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಪ್ರತಿ ಬಾಜಿಯ ಎದುರಿಗೂ 1.90 ಎಂಬ ಒಂದೇ ಅಂಕಿ. ಉತ್ತರ ಅಡಗಿದ್ದದ್ದು ಆ ಅಂಕಿಯಲ್ಲಿ.

ಇಬ್ಬರು ಗೆಳೆಯರು ಟಾಸ್ ಮೇಲೆ ನೂರು ನೂರು ರೂಪಾಯಿ ಕಟ್ಟಿದರೆನ್ನಿ. ಗೆದ್ದವನಿಗೆ ಇನ್ನೂರು. ಒಂದು ರೂಪಾಯಿಗೆ ಎರಡು ರೂಪಾಯಿ, ಅಂದರೆ ದರ 2.00. ಈಗ ಇವರ ನಡುವೆ ಬುಕ್ಕಿಯೊಬ್ಬ ಬಂದು ಕುಳಿತು, ಇಬ್ಬರಿಗೂ 1.90 ದರ ಹೇಳುತ್ತಾನೆ. ಇಬ್ಬರಿಂದಲೂ ನೂರು ನೂರು ಪಡೆದು, ಗೆದ್ದವನಿಗೆ ಅವನ ಅಸಲೂ ಸೇರಿ 190 ಕೊಡುತ್ತಾನೆ. ನಾಣ್ಯ ಹೇಗೆ ಬಿದ್ದರೂ ಇನ್ನೂರರಲ್ಲಿ ಹತ್ತು, ಅಂದರೆ ರೂಪಾಯಿಗೆ ಐದು ಪೈಸೆ, ಅವನ ಜೇಬಿಗೆ. ಇದೇ ಅವನ ಮಾರ್ಜಿನ್. ಹುಡುಗನ ಲೆಕ್ಕಕ್ಕೆ ಇದನ್ನು ಹಚ್ಚಿ ನೋಡಿ. 52 ಗೆಲುವಿಗೆ ತಲಾ 900ರಂತೆ 46,800 ಬಂತು; 48 ಸೋಲಿಗೆ ತಲಾ 1,000ದಂತೆ 48,000 ಹೋಯಿತು. ಕೊರತೆ 1,200. ಇಲ್ಲಿ ಯಾರೂ ಅಂಕಿ ತಿದ್ದಿರಲಿಲ್ಲ. ತಾನು ಕೊಂಡ ಸರಕಿನ ಬೆಲೆ ಎಷ್ಟೆಂದು ಹುಡುಗನಿಗೆ ತಿಳಿದಿರಲಿಲ್ಲ, ಅಷ್ಟೆ. 1.90ರ ದರದಲ್ಲಿ ನಷ್ಟ ತಪ್ಪಿಸಿಕೊಳ್ಳಲು ನೂರಕ್ಕೆ 53 ಸಲ ಗೆಲ್ಲಬೇಕು.

ಮಾರ್ಜಿನ್ ಅಳೆಯುವ ಬಗೆ

ಯಾವ ಬಾಜಿಯ ಬೆಲೆಯನ್ನಾದರೂ ಅಳೆಯಲು ಪ್ರೌಢಶಾಲೆಯ ಗಣಿತ ಸಾಕು. ಎಲ್ಲ ಸಾಧ್ಯತೆಗಳ ದರಗಳನ್ನೂ ಬರೆದುಕೊಳ್ಳಿ. 100ನ್ನು ಒಂದೊಂದು ದರದಿಂದಲೂ ಭಾಗಿಸಿ, ಬಂದದ್ದನ್ನೆಲ್ಲ ಕೂಡಿ. ನ್ಯಾಯವಾದ ದರಗಳಾದರೆ ಮೊತ್ತ 100 ಬರಬೇಕು. ಟಾಸ್‌ನ ಎರಡು 1.90ಗಳಿಗೆ ಬರುವುದು 52.63ರ ಎರಡು ಪಟ್ಟು, ಅಂದರೆ 105.26. ನೂರರ ಮೇಲಿನ ಈ ಹೆಚ್ಚುವರಿಗೆ ಇಂಗ್ಲಿಷಿನವರು ಓವರ್‌ರೌಂಡ್ ಎನ್ನುತ್ತಾರೆ. ಫುಟ್‌ಬಾಲ್ ಪಂದ್ಯವೊಂದರಲ್ಲಿ ಗೆಲುವಿಗೆ 2.10, ಡ್ರಾಗೆ 3.30, ಸೋಲಿಗೆ 3.60 ದರವಿದ್ದರೆ ಮೊತ್ತ 105.70. ಅದೇ 10 ತಂಡಗಳ ಟೂರ್ನಿಯಲ್ಲಿ ಕಪ್ ಯಾರಿಗೆ ಎಂಬ ಬಾಜಿಗೆ ಪ್ರತಿ ತಂಡಕ್ಕೂ 8.00 ದರವಿದ್ದರೆ ಮೊತ್ತ 125ಕ್ಕೆ ಏರುತ್ತದೆ. ಇಲ್ಲಿ ಬುಕ್ಕಿಯ ಪಾಲು ರೂಪಾಯಿಗೆ 20 ಪೈಸೆ. ‘ಒಂದಕ್ಕೆ ಎಂಟು’ ಎಂದು ಕೇಳಿದಾಗ ಕಿವಿಗೆ ಇಂಪು. ಆದರೆ ಸಲ್ಲಬೇಕಾದದ್ದು ಒಂದಕ್ಕೆ ಹತ್ತು.

ಜೋಡಿಸಿ ಕಟ್ಟುವ ಬಾಜಿಯಂತೂ ಇನ್ನೂ ದುಬಾರಿ. ನಾಲ್ಕು ಟಾಸ್‌ಗಳನ್ನು ಸರಿಯಾಗಿ ಹೇಳಿದರೆ ರೂಪಾಯಿಗೆ 16 ರೂಪಾಯಿ ಸಿಗುವುದು ನ್ಯಾಯ. 1.90ನ್ನು ನಾಲ್ಕು ಸಲ ಗುಣಿಸಿದರೆ ಬರುವುದು 13.03 ಮಾತ್ರ. ಐದು ಪೈಸೆಯ ಕಮಿಷನ್ ಹದಿನೆಂಟು ಪೈಸೆ ದಾಟಿತು. ಇಂಥ ಬಾಜಿಗಳಿಗೇ ಜಾಹೀರಾತಿನ ಅಬ್ಬರ ಹೆಚ್ಚಿರುವುದು ಆಕಸ್ಮಿಕವೇನಲ್ಲ.

‘ಬೋನಸ್’ ಎಂಬುದನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ‘ನೀವು 10,000 ಇಡಿ, ನಾವು 10,000 ಸೇರಿಸುತ್ತೇವೆ, ಆದರೆ ಒಟ್ಟು ಮೊತ್ತದ ಹತ್ತು ಪಟ್ಟು ಬಾಜಿ ಕಟ್ಟಿದ ಮೇಲೆಯೇ ಹಣ ತೆಗೆಯಬಹುದು’ ಎಂದು ಷರತ್ತಿದ್ದರೆ, ಕಟ್ಟಬೇಕಾದ್ದು ಎರಡು ಲಕ್ಷ. ಅದರ ಮೇಲೆ ಶೇಕಡ 5 ಎಂದರೆ 10,000. ಕೊಟ್ಟ ಉಡುಗೊರೆ ಸರಾಸರಿಯಲ್ಲಿ ಕೊಟ್ಟವನ ಕೈಗೇ ಮರಳಿತು.

ಪುಸ್ತಕ ಬರೆಯುವವನು

ಬುಕ್‌ಮೇಕರ್ ಎಂಬ ಹೆಸರು ಬಂದದ್ದು ಇಂಗ್ಲೆಂಡಿನ ಕುದುರೆ ಪಂದ್ಯಗಳ ಮೈದಾನದಿಂದ. ಯಾವ ಕುದುರೆಯ ಮೇಲೆ ಯಾರ ಹಣ ಎಷ್ಟು ಎಂದು ಪುಸ್ತಕದಲ್ಲಿ ಬರೆದುಕೊಂಡು, ಯಾವ ಕುದುರೆ ಗೆದ್ದರೂ ತನಗೆ ಉಳಿಯುವಂತೆ ದರಗಳನ್ನು ಏರಿಳಿಸುವವನೇ ಬುಕ್‌ಮೇಕರ್. ಅವನೇ ನಮ್ಮ ಬಾಯಲ್ಲಿ ಬುಕ್ಕಿಯಾದ. ಪಂದ್ಯದ ಭವಿಷ್ಯ ನುಡಿಯುವುದಕ್ಕಿಂತ ತನ್ನ ಪುಸ್ತಕ ಸರಿದೂಗಿಸುವುದೇ ಅವನಿಗೆ ಮುಖ್ಯ. ಅಮೆರಿಕದಲ್ಲಿ ಈ ಕಮಿಷನ್ನಿಗೆ ವಿಗೊರಿಶ್ ಎಂಬ ಹೆಸರಿದೆ. ‘ಗೆಲುವು’ ಎಂಬ ಅರ್ಥದ ರಷ್ಯನ್ ಪದ ಯಿಡ್ಡಿಷ್ ಭಾಷೆಯ ಮೂಲಕ ಹಾಗಾಯಿತೆಂದು ನಿಘಂಟುಗಳು ಹೇಳುತ್ತವೆ. ಗೆಲುವು ಯಾರದು ಎಂಬುದನ್ನು ಭಾಷೆಯೇ ಬಿಡಿಸಿ ಹೇಳಿದಂತಾಯಿತು!

ಇದಕ್ಕೆ ಬೇರೆಯದೇ ಆದ ದಾರಿಯೊಂದನ್ನು 1860ರ ದಶಕದಲ್ಲಿ ಪ್ಯಾರಿಸಿನ ಜೋಸೆಫ್ ಒಲೆರ್ ತೋರಿಸಿದ. ಎಲ್ಲರ ಹಣವನ್ನೂ ಒಂದೇ ರಾಶಿ ಮಾಡಿ, ನಿಗದಿಯಾದ ಪಾಲು ತೆಗೆದು, ಉಳಿದುದನ್ನು ಗೆದ್ದವರಿಗೆ ಹಂಚುವುದು. ರೇಸ್‌ಕೋರ್ಸುಗಳಲ್ಲಿ ‘ಟೋಟ್’ ಎನ್ನುವುದು ಇದನ್ನೇ. ಟೋಟ್‌ನಲ್ಲಿ ಕಡಿತ ಎಷ್ಟೆಂದು ಮೊದಲೇ ಗೊತ್ತಿರುತ್ತದೆ. ಬುಕ್ಕಿಯ ಕಡಿತ ದರದೊಳಗೆ ಬೆರೆತಿರುವುದರಿಂದ ಲೆಕ್ಕ ಹಾಕಿದವರಿಗಷ್ಟೇ ಕಾಣುತ್ತದೆ.

ಕಡಲು ದಾಟಿದ ಬುಕ್ಕಿ

ಈ ಬುಕ್ಕಿ ಕಡಲು ದಾಟಿದ್ದು ತೆರಿಗೆ ಮತ್ತು ಕಾನೂನಿನಿಂದ ತಪ್ಪಿಸಿಕೊಳ್ಳಲು. ಅಮೆರಿಕದಲ್ಲಿ ತಂತಿ, ದೂರವಾಣಿಗಳ ಮೂಲಕ ಬಾಜಿಯ ವ್ಯವಹಾರ ನಡೆಸುವುದನ್ನು 1961ರ ವೈರ್ ಕಾಯ್ದೆ ಅಪರಾಧವೆಂದು ಸಾರಿತ್ತು. ಕೆರಿಬಿಯನ್ ಸಮುದ್ರದ ಆಂಟಿಗುವಾ ದೇಶ 1994ರಲ್ಲಿ ಮುಕ್ತ ವ್ಯಾಪಾರ ವಲಯದ ಕಾನೂನು ಮಾಡಿದಾಗ, ಬುಕ್ಕಿಗಳು ಅಲ್ಲಿ ಅಂಗಡಿ ತೆರೆದು ಅಮೆರಿಕದ ಗಿರಾಕಿಗಳಿಗೆ ದರ ಹೇಳತೊಡಗಿದರು. ಅವರಲ್ಲೊಬ್ಬನಾದ ಜೇ ಕೋಹೆನ್, ತಾನು ಮಾಡಿದ್ದು ಸರಿ ಎಂಬ ನಂಬಿಕೆಯಿಂದ ತಾನಾಗಿಯೇ ಅಮೆರಿಕಕ್ಕೆ ಮರಳಿ ವಿಚಾರಣೆ ಎದುರಿಸಿದ. 2000ದಲ್ಲಿ ತಪ್ಪಿತಸ್ಥನೆಂದು ತೀರ್ಮಾನವಾಗಿ ಜೈಲು ಸೇರಿದ. ಒಂದು ಲಕ್ಷವೂ ಜನರಿಲ್ಲದ ಆಂಟಿಗುವಾ ಅಷ್ಟಕ್ಕೆ ಸುಮ್ಮನಾಗದೆ 2003ರಲ್ಲಿ ಅಮೆರಿಕದ ವಿರುದ್ಧ ವಿಶ್ವ ವ್ಯಾಪಾರ ಸಂಸ್ಥೆಯ ಮೆಟ್ಟಿಲೇರಿತು. 2007ರಲ್ಲಿ, ವರ್ಷಕ್ಕೆ 2.1 ಕೋಟಿ ಡಾಲರ್ ಮೌಲ್ಯದಷ್ಟು ವ್ಯಾಪಾರ ರಿಯಾಯಿತಿಗಳನ್ನು ಅಮೆರಿಕಕ್ಕೆ ನಿಲ್ಲಿಸಲು ಅದಕ್ಕೆ ಅನುಮತಿ ದೊರೆಯಿತು.

ಬ್ರಿಟನ್ನಿನದು ಬೇರೆಯದೇ ಕಥೆ. ಅಲ್ಲಿ ಬಾಜಿ ಕಟ್ಟುವುದು ಕಾನೂನುಬದ್ಧವೇ. ಆದರೆ ತೆರಿಗೆಯ ಬಾಬ್ತಿನಲ್ಲಿ ಬುಕ್ಕಿಗಳು ಗಿರಾಕಿಯಿಂದ ಶೇಕಡ 9ರಷ್ಟು ಮುರಿದುಕೊಳ್ಳುತ್ತಿದ್ದರು. 1999ರಲ್ಲಿ ವಿಕ್ಟರ್ ಚಾಂಡ್ಲರ್ ಎಂಬ ಹೆಸರಾಂತ ಬುಕ್ಕಿ ತನ್ನ ವ್ಯವಹಾರವನ್ನು ಜಿಬ್ರಾಲ್ಟರಿಗೆ ಸಾಗಿಸಿದ. ದೊಡ್ಡ ಕಂಪನಿಗಳೂ ಅವನ ಹಿಂದೆ ಹೊರಟವು. ಕೊನೆಗೆ ಸರ್ಕಾರವೇ ಮಣಿದು, 2001ರ ಅಕ್ಟೋಬರಿನಲ್ಲಿ ಆ ತೆರಿಗೆಯನ್ನು ಕೈಬಿಟ್ಟು, ಬುಕ್ಕಿಯ ಒಟ್ಟು ಲಾಭದ ಮೇಲೆ ಶೇಕಡ 15 ತೆರಿಗೆ ವಿಧಿಸಿತು.

ಹೀಗಾಗಿ ‘ಕಡಲಾಚೆ’ ಎಂದೊಡನೆ ಎಲ್ಲವೂ ಒಂದೇ ಎನ್ನಲಾಗದು. ಕೆಲವು ಕಡೆ ಸರ್ಕಾರದ ಕಣ್ಗಾವಲು ಬಿಗಿಯಾಗಿದೆ. ಕುರಸಾವೊ ದ್ವೀಪದಲ್ಲಾದರೋ ಬಹುಕಾಲ ಬೆರಳೆಣಿಕೆಯ ಮೂಲ ಪರವಾನಗಿದಾರರು ತಮ್ಮ ಅಡಿಯಲ್ಲಿ ಬೇರೆಯವರಿಗೆ ಉಪಪರವಾನಗಿ ಹಂಚುತ್ತಿದ್ದರು. 2024ರ ಡಿಸೆಂಬರಿನಲ್ಲಷ್ಟೇ ಅಲ್ಲಿ ಹೊಸ ಕಾನೂನು ಬಂತು. ಆದ್ದರಿಂದ ಕಡಲಾಚೆಯ ಬುಕ್ಕಿಯನ್ನು ಅಳೆಯಲು ಮಾರ್ಜಿನ್ ಒಂದೇ ಸಾಲದು. ಪರವಾನಗಿ ಕೊಟ್ಟವರು ಯಾರು? ಗಿರಾಕಿಯ ಹಣ ಕಂಪನಿಯ ಖರ್ಚಿನ ಹಣದಿಂದ ಪ್ರತ್ಯೇಕವಾಗಿದೆಯೇ? ಗೆಲ್ಲತೊಡಗಿದವನ ಬಾಜಿಗೆ ಮಿತಿ ಹಾಕುತ್ತಾರೆಯೇ? ತಕರಾರು ಬಂದರೆ ತೀರ್ಪು ಹೇಳುವವರು ಯಾರು? ಈ ಪ್ರಶ್ನೆಗಳಿಗೆ ಉತ್ತರ ಸಿಗದಿದ್ದರೆ, 1.95 ಎಂಬ ಉದಾರ ದರವೂ ಬರಿಯ ಅಂಕಿಯೇ.

ನಮ್ಮಲ್ಲಿ ಕಾನೂನು ಇದಕ್ಕಿಂತ ನೇರವಾಗಿದೆ. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಪಂದ್ಯ ಕಟ್ಟಿದ ಒಪ್ಪಂದ ಅಸಿಂಧು. ಗೆದ್ದ ಹಣಕ್ಕಾಗಿ ದಾವೆ ಹೂಡುವಂತಿಲ್ಲ. 1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ಪಂದ್ಯವನ್ನು ಕೌಶಲದ ಆಟವೆಂದು ಒಪ್ಪಿತಾದರೂ, ಕ್ರಿಕೆಟ್ ಬಾಜಿಗೆ ಅಂಥ ಆಸರೆ ದೊರೆಯಲಿಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ, ಅವುಗಳ ಜಾಹೀರಾತನ್ನೂ, ಬ್ಯಾಂಕುಗಳು ಅವಕ್ಕೆ ಹಣ ಸಾಗಿಸುವುದನ್ನೂ ನಿಷೇಧಿಸುತ್ತದೆ. ಅಂದಮೇಲೆ ಕಡಲಾಚೆಯವನು ಕೈ ಎತ್ತಿದರೆ ಇಲ್ಲಿ ದೂರಲು ಜಾಗವಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಹುಡುಗ ಜಾಣತನದ ಪ್ರಶ್ನೆಯೊಂದನ್ನು ಹಾಕಿದ: ‘1.95 ಕೊಡುವವನಲ್ಲಿ ಕಟ್ಟಿದ್ದರೆ ಗೆಲ್ಲುತ್ತಿದ್ದೆ, ಅಲ್ಲವಾ ಮೇಷ್ಟ್ರೇ?’ ಲೆಕ್ಕ ಹಾಕಿದೆವು. 52 ಗೆಲುವಿಗೆ 49,400 ಬಂದು, 1,400 ರೂಪಾಯಿ ಉಳಿಯುತ್ತಿತ್ತು. ಮಾತು ಸರಿಯೇ. ಆದರೆ ಕ್ರಿಕೆಟ್ ಎಂದರೇನೆಂದೇ ಅರಿಯದವನೊಬ್ಬ ನಾಣ್ಯ ಚಿಮ್ಮಿ ನೂರು ಸಲ ಊಹಿಸಿದರೂ, 52 ಅಥವಾ ಅದಕ್ಕಿಂತ ಹೆಚ್ಚು ಸಲ ಸರಿಯಾಗುವ ಸಂಭವ ಮೂರರಲ್ಲಿ ಒಂದಕ್ಕಿಂತ ಹೆಚ್ಚು. 52 ಎಂಬುದು ಅವನ ಜಾಣ್ಮೆಯೋ ಅದೃಷ್ಟವೋ ಎಂದು ನೂರು ಬಾಜಿಗಳಿಂದ ತಿಳಿಯುವಂತಿಲ್ಲ. ಬುಕ್ಕಿಯ ಐದು ಪೈಸೆಗೆ ಮಾತ್ರ ಅಂಥ ಅನುಮಾನವಿಲ್ಲ. ಅದು ಪ್ರತಿ ಬಾಜಿಯ ದರದಲ್ಲೂ ಇದೆ.

ಹೊರಡುವಾಗ ಅವನು ಇನ್ನೊಂದು ವಿಷಯ ಹೇಳಿದ. ಉಳಿದ 8,800 ರೂಪಾಯಿಯನ್ನು ವಾಪಸು ಕೇಳಿ ಮೂರು ವಾರವಾಗಿದೆಯಂತೆ. ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ಬರುತ್ತಿದೆಯಂತೆ. ನೋಟ್‌ಬುಕ್ಕು ತೆರೆದು, 8,800ರ ಮುಂದೆ ತಾನೇ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ. ನಾನು ಅದನ್ನು ತಿದ್ದಲಿಲ್ಲ.