ಮೊದಲ ಸಾಲಿನಲ್ಲಿ ಸೊನ್ನೆ

ಹೊಸಪೇಟೆಯಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಒಂದು ಕ್ರೈಸ್ತ ಕುಟುಂಬವಿದೆ. ಮನೆಯ ಯಜಮಾನರು ನನಗಿಂತ ಎರಡು ವರ್ಷ ದೊಡ್ಡವರು. ಹೆಸರು ಬರೆಯುವುದು ಬೇಡ ಎಂದು ಅವರೇ ಹೇಳಿದ್ದರಿಂದ ಇಲ್ಲಿಯೂ ಅವರನ್ನು ‘ಅಣ್ಣ’ ಎಂದೇ ಕರೆಯುತ್ತೇನೆ. ತಿಂಗಳ ಮೊದಲ ಭಾನುವಾರ ಆರಾಧನೆ ಮುಗಿಸಿ ಬಂದು, ಊಟವಾದ ಮೇಲೆ, ಅವರ ಮನೆಯಲ್ಲಿ ಬೀರುವಿನಿಂದ ಒಂದು ಉದ್ದನೆಯ ನೋಟ್‌ಬುಕ್ ಹೊರಗೆ ಬರುತ್ತದೆ. ಮಕ್ಕಳಲ್ಲಿ ಒಬ್ಬರು ಹಿಂದಿನ ತಿಂಗಳ ಲೆಕ್ಕವನ್ನು ಗಟ್ಟಿಯಾಗಿ ಓದಬೇಕು. ಉಳಿದವರು ಕೇಳಬೇಕು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನಡೆದುಬಂದಿರುವ ಪದ್ಧತಿ ಇದು.

ಎಡಪುಟದಲ್ಲಿ ಆದಾಯ, ಬಲಪುಟದಲ್ಲಿ ಖರ್ಚು. ಖರ್ಚಿನ ಮೊದಲ ಸಾಲು ‘ದೇವರಿಗೆ’. ಆಮೇಲೆ ಅಕ್ಕಿ, ಜೋಳ, ಹಾಲು, ಗ್ಯಾಸು, ಸ್ಕೂಲು, ಬಸ್ಸು, ಔಷಧಿ, ಚೀಟಿ. ಕಟ್ಟಕಡೆಗೆ ‘ಏನೋ’ ಎಂಬ ಸಾಲು. ಎಲ್ಲಿ ಹೋಯಿತೆಂದು ಯಾರಿಗೂ ನೆನಪಾಗದ ಹಣವೆಲ್ಲ ಅಲ್ಲಿಗೆ. ಅದು ಇನ್ನೂರು ರೂಪಾಯಿ ದಾಟಿದರೆ ಮನೆಯಲ್ಲಿ ಸಣ್ಣದೊಂದು ವಿಚಾರಣೆ. ಒಮ್ಮೆ ಹಾಗೆ ಸಿಕ್ಕಿಬಿದ್ದವರು ಅಣ್ಣನೇ. ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರ ತಿಂದ ವಗ್ಗರಣೆ ಮಿರ್ಚಿಯ ಲೆಕ್ಕ ಅದು.

ಪಾಲಕರಿಗೆ ನಾನು ಕೇಳುವುದಿಷ್ಟು: ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಕೆ.ಜಿ. ಅಕ್ಕಿ ಬೇಕು ಎಂಬುದು ನಿಮ್ಮ ಹತ್ತನೇ ತರಗತಿಯ ಮಗನಿಗೆ ಗೊತ್ತಿದೆಯೆ? ನಾನು ತರಗತಿಯಲ್ಲಿ ಕೇಳಿದ್ದೇನೆ. ಬೆಳಕಿನ ವೇಗ ಹೇಳುವ ಹುಡುಗರು ಅಕ್ಕಿಯ ಲೆಕ್ಕಕ್ಕೆ ತಲೆ ತಗ್ಗಿಸುತ್ತಾರೆ.

‘ದೇವರಿಗೆ’ ಎಂಬುದು ದಶಮಾಂಶ, ಅಂದರೆ ಆದಾಯದಲ್ಲಿ ಹತ್ತರಲ್ಲೊಂದು ಪಾಲು. ಬೈಬಲಿನ ಹಳೆಯ ಒಡಂಬಡಿಕೆಯ ಕಾಲದಿಂದ ಬಂದದ್ದು. ಬಳ್ಳಾರಿಗೂ ಬೈಬಲಿಗೂ ಹಳೆಯ ನಂಟು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕುಳಿತರು. ಅವರ ಜೊತೆಗಾರ ವಿಲಿಯಂ ರೀವ್ ಕನ್ನಡಕ್ಕೆ ನಿಘಂಟನ್ನೂ ಮಾಡಿದರು. ಅಣ್ಣ ಈ ಇತಿಹಾಸವನ್ನು ಹೆಚ್ಚು ಹೇಳುವವರಲ್ಲ. ಅವರಿಗೆ ಪ್ರಿಯವಾದದ್ದು ಲೂಕನ ಸುವಾರ್ತೆಯಲ್ಲಿ ಬರುವ ಗೋಪುರದ ಪ್ರಸಂಗ. ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚು ಎಣಿಸದಿದ್ದರೆ ಪಾಯ ಹಾಕಿ ನಿಲ್ಲಿಸಬೇಕಾಗುತ್ತದೆ, ನೋಡಿದವರು ನಗುತ್ತಾರೆ ಎಂಬುದು ಅದರ ಸಾರ.

ನಾನು ವಿಜ್ಞಾನದ ಮೇಷ್ಟ್ರು. ಇದರ ಬಗ್ಗೆ ಅವರೊಡನೆ ಎಷ್ಟೋ ಸಲ ವಾದ ಮಾಡಿದ್ದೇನೆ. ‘ಅಣ್ಣಾ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯ ಸಾಲ ತಲೆಯ ಮೇಲಿರುವಾಗ ಹತ್ತರಲ್ಲೊಂದು ತೆಗೆದಿಡುವುದು ಯಾವ ಲೆಕ್ಕ? ಆ ಬಡ್ಡಿಯನ್ನು ಕಟ್ಟದೆ ಬಿಟ್ಟರೆ ಮೂರು ವರ್ಷಕ್ಕೆ ಸಾಲ ಎರಡರಷ್ಟಾಗುತ್ತದೆ’ ಎಂದು. ಮಕ್ಕಳೂ ಮಾಡಿ ನೋಡಬಹುದು: 1.02ನ್ನು ಅದರಿಂದಲೇ ಗುಣಿಸುತ್ತ 36ನೇ ಘಾತಕ್ಕೆ ಹೋದರೆ 2.04 ಬರುತ್ತದೆ. ಅಣ್ಣ ನಗುತ್ತಿದ್ದರು. ‘ಸರ್, ಹತ್ತು ತೆಗೆದಿಟ್ಟ ಮೇಲೆ ನನ್ನದು ತೊಂಬತ್ತೇ ಅಂತ ಕೈಗೆ ಗೊತ್ತಾಗುತ್ತೆ. ನೂರೂ ನನ್ನದು ಅಂದುಕೊಂಡವರು ನೂರಿಪ್ಪತ್ತು ಖರ್ಚು ಮಾಡ್ತಾರೆ.’ ಈ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ನೂರಿಪ್ಪತ್ತು ಖರ್ಚು ಮಾಡಿದವರನ್ನು ಈ ಊರಿನಲ್ಲಿ ನಾನು ಬೇಕಾದಷ್ಟು ನೋಡಿದ್ದೇನೆ.

ಅಣ್ಣ ಆಗ ಸಂಡೂರಿನ ಕಡೆ ಅದಿರಿನ ಯಾರ್ಡೊಂದರಲ್ಲಿ ಲಾರಿ ತೂಕ ಬರೆಯುವ ಗುಮಾಸ್ತರು. ಚೀನಾದಲ್ಲಿ ಉಕ್ಕಿನ ಬೇಡಿಕೆ ಏರಿ, 2008ರ ಬೀಜಿಂಗ್ ಒಲಿಂಪಿಕ್ಸ್ ಹೊತ್ತಿಗೆ ಸಂಡೂರಿನ ಕೆಂಪು ಮಣ್ಣಿಗೆ ಚಿನ್ನದ ಬೆಲೆ ಎನ್ನುತ್ತಿದ್ದ ಕಾಲ. ರಸ್ತೆಬದಿಯ ಗಿಡಗಳ ಎಲೆಗಳೆಲ್ಲ ಕೆಂಪು. ಹೊಲ ಮಾರಿದವರು, ಒಡವೆ ಅಡ ಇಟ್ಟವರು, ಎಲ್ಲರೂ ಟಿಪ್ಪರ್ ಕೊಂಡರು. ಅಣ್ಣನ ಭಾವಮೈದುನನೂ ಒಂದು ಕೊಂಡ. ‘ನೀವೂ ತೊಗೊಳ್ಳಿ ಭಾವ, ದಿನಾ ಬೇರೆಯವರ ಲಾರಿ ತೂಗಿ ಏನು ಬಂತು?’ ಎಂದು ಫೈನಾನ್ಸಿನವನನ್ನೂ ಮನೆಗೆ ಕರೆತಂದ.

ಬಡ್ಡಿ ವರ್ಷಕ್ಕೆ ನೂರಕ್ಕೆ ಹನ್ನೆರಡೇ ಎಂದ ಅವನು. ಒಂದು ಲಕ್ಷಕ್ಕೆ ಮೂರು ವರ್ಷಕ್ಕೆ ಬಡ್ಡಿ 36,000. ಒಟ್ಟು 1,36,000ವನ್ನು 36 ಕಂತು ಮಾಡಿದರೆ ತಿಂಗಳಿಗೆ ಸುಮಾರು 3,778 ರೂಪಾಯಿ. ಕೇಳಲು ಸರಳ. ಆದರೆ ಅಸಲು ತಿಂಗಳು ತಿಂಗಳೂ ತೀರುತ್ತ ಬರುತ್ತದೆ, ಬಡ್ಡಿ ಮಾತ್ರ ಕೊನೆಯ ಕಂತಿನವರೆಗೂ ಪೂರ್ತಿ ಒಂದು ಲಕ್ಷದ ಮೇಲೆಯೇ. ಉಳಿದಿರುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದು ಹನ್ನೆರಡಲ್ಲ, ಹೆಚ್ಚುಕಡಿಮೆ ಇಪ್ಪತ್ತೊಂದು. ಇದನ್ನು ಅಣ್ಣನಿಗೆ ಕಾಗದದ ಮೇಲೆ ಬಿಡಿಸಿ ತೋರಿಸಿದವನು ನಾನು. ಅಕ್ಕ, ಅಂದರೆ ಅಣ್ಣನ ಮನೆಯವರು, ಕಾಗದವನ್ನು ನೋಡಲೇ ಇಲ್ಲ. ‘ಮಳೆಗಾಲದಾಗ ಲಾರಿ ಎಷ್ಟು ದಿನ ನಿಲ್ತಾವು, ಅದನ್ನ ಹೇಳ್ರಿ’ ಎಂದರು. ಅದಕ್ಕೆ ಯಾರಲ್ಲಿಯೂ ಉತ್ತರವಿರಲಿಲ್ಲ. ಟಿಪ್ಪರ್ ಬರಲಿಲ್ಲ. ಇದೆಲ್ಲ ವಿವೇಕದಿಂದಲೇ ಆಯಿತೆಂದು ಹೇಳಲಾರೆ. ಮನೆಯ ಪತ್ರ ಇನ್ನೂ ಅಣ್ಣನ ತಂದೆಯ ಹೆಸರಿನಲ್ಲಿತ್ತು, ಆ ಹಿರಿಯರು ರುಜು ಹಾಕಲು ಒಪ್ಪಲಿಲ್ಲ ಎಂಬುದೂ ನಿಜ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂದದ್ದೂ ಅದೇ ತಿಂಗಳು. ಆ ಆದೇಶ ಬೇಕಿತ್ತು, ಬೆಟ್ಟಗಳು ಉಳಿಯಬೇಕಿತ್ತು. ಆದರೆ ಲಾರಿ ತೂಕ ಬರೆಯುವವನ ಮನೆಗೆ ಅದು ಬಂದದ್ದು ಬೇರೆ ರೂಪದಲ್ಲಿ. ಮೂರು ತಿಂಗಳಿಗೆ ಸಂಬಳ ನಿಂತಿತು. ಟಿಪ್ಪರ್‌ಗಳು ಸಾಲಾಗಿ ನಿಂತು ತುಕ್ಕು ಹಿಡಿದವು. ಪಿಲ್ಲರ್ ಮೇಲೆ ಕಬ್ಬಿಣದ ಸಲಾಕೆ ಚಾಚಿಕೊಂಡು ಅರ್ಧಕ್ಕೆ ನಿಂತ ಮನೆಗಳನ್ನು ಕಂಡಾಗಲೆಲ್ಲ ನನಗೆ ಅಣ್ಣನ ಗೋಪುರ ನೆನಪಾಗುತ್ತಿತ್ತು.

ಆ ದಿನಗಳ ಪುಟಗಳನ್ನು ಅಣ್ಣ ನನಗೆ ತೋರಿಸಿದ್ದು ಇತ್ತೀಚೆಗೆ. ಬಲಪುಟದ ಮೊದಲ ಸಾಲು: ‘ದೇವರಿಗೆ – 0’. ಮರುತಿಂಗಳೂ 0. ಹಾಗೆ ಹದಿನಾಲ್ಕು ತಿಂಗಳು. ಆ ಸಾಲನ್ನು ಬರೆಯುವುದೇ ಬೇಡ, ನೋಡಿದರೆ ಸಂಕಟವಾಗುತ್ತದೆ ಎಂದಿದ್ದರಂತೆ ಅಕ್ಕ. ಅಣ್ಣ ಕೇಳಲಿಲ್ಲ. ಆದರೆ ಚರ್ಚಿನಲ್ಲಿ ಮುಂದಿನ ಬೆಂಚು ಬಿಟ್ಟು ಹಿಂದೆ ಕೂರತೊಡಗಿದರು. ಕಾಣಿಕೆಯ ಚೀಲ ಹತ್ತಿರ ಬಂದಾಗ ಹತ್ತು ರೂಪಾಯಿಯ ನಾಣ್ಯ ಹಾಕಿ, ಕಡೆಯ ಪ್ರಾರ್ಥನೆ ಮುಗಿಯುತ್ತಲೇ ಯಾರಿಗೂ ಸಿಗದಂತೆ ಎದ್ದು ಬರುತ್ತಿದ್ದರು. ನಾನು ನೆರೆಯವನು, ನನಗೇ ಇದು ಗೊತ್ತಾಗಲಿಲ್ಲ.

ಮನೆ ನಡೆದದ್ದು ಅಕ್ಕನಿಂದ. ಅವರ ತವರು ಕಂಪ್ಲಿ, ಭತ್ತದ ಸೀಮೆ. ತವರಿನಿಂದ ಅಕ್ಕಿ ಬಂತು. ಹೊಲಿಗೆ ಯಂತ್ರಕ್ಕೆ ಎಣ್ಣೆ ಹಾಕಿ ಯೂನಿಫಾರ್ಮ್ ಹೊಲಿದರು. ಪ್ರತಿ ಹೊತ್ತು ಅಡಿಗೆಗೆ ಅಳೆದ ಅಕ್ಕಿಯಲ್ಲಿ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುವ ಅಭ್ಯಾಸವನ್ನು ಆಗಲೂ ಬಿಡಲಿಲ್ಲ. ಮಿಜೋರಾಂನ ಕ್ರೈಸ್ತ ಮನೆಗಳಲ್ಲಿ 1910ರಿಂದ ಇದೇ ಬಗೆಯ ಹಿಡಿಯಕ್ಕಿಯ ಪದ್ಧತಿ ಇದೆ. ಅಲ್ಲಿ ಹೀಗೆ ಕೂಡಿದ ಅಕ್ಕಿಯಿಂದ ಸಭೆಯ ಎಷ್ಟೋ ಕೆಲಸಗಳು ನಡೆದಿವೆ. ಅಕ್ಕನ ಡಬ್ಬಿಯ ಅಕ್ಕಿ ಹೋದದ್ದು ಅವರ ತಮ್ಮನ ಮನೆಗೆ. ಅವನ ಟಿಪ್ಪರನ್ನು ಫೈನಾನ್ಸಿನವರು ಎಳೆದುಕೊಂಡು ಹೋಗಿದ್ದರು.

ಇಲ್ಲಿಯೇ ಮನೆಯಲ್ಲಿ ಒಂದು ಜಗಳ ಹುಟ್ಟಿತು. ತಮ್ಮನಿಗೆ ಕೊಟ್ಟ ಅಕ್ಕಿಯ ಬೆಲೆಯನ್ನು ‘ದೇವರಿಗೆ’ ಎಂಬ ಸಾಲಿನಲ್ಲಿ ಬರೆಯಿರಿ, ಸೊನ್ನೆ ಹೋಗುತ್ತದೆ ಎಂದು ಅಕ್ಕ. ಸ್ವಂತದವರಿಗೆ ಕೊಟ್ಟದ್ದು ಕಾಣಿಕೆಯಾಗದು, ಅದು ‘ಅಕ್ಕಿ’ ಸಾಲಿನಲ್ಲೇ ಇರಬೇಕು ಎಂದು ಅಣ್ಣ. ಹಸಿದವನಿಗೆ ಕೊಟ್ಟದ್ದು ತನಗೇ ಕೊಟ್ಟಂತೆ ಎಂದು ಯೇಸು ಹೇಳಲಿಲ್ಲವೆ ಎಂದು ಅಕ್ಕ. ನನ್ನನ್ನು ಕೇಳಿದರೆ ಅಕ್ಕನ ಪಕ್ಷವೇ ಸರಿ. ಆದರೆ ಪುಸ್ತಕದಲ್ಲಿ ಅಣ್ಣ ಬರೆದಂತೆಯೇ ಇದೆ.

2013ರಲ್ಲಿ ನ್ಯಾಯಾಲಯ ಷರತ್ತುಗಳೊಡನೆ ಇನ್ನಷ್ಟು ಗಣಿಗಳಿಗೆ ಅವಕಾಶ ಕೊಟ್ಟಿತು. ಅಣ್ಣ ಮಾತ್ರ ಯಾರ್ಡಿಗೆ ಹಿಂತಿರುಗಲಿಲ್ಲ. ಆ ಹೊತ್ತಿಗೆ ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತ್ತು. ಸಂಬಳ ಮೊದಲಿಗಿಂತ ಕಡಿಮೆ. ಮೊದಲ ಸಾಲಿಗೆ ಅಂಕಿ ಮರಳಿ ಬಂತು. ಆ ವರ್ಷದ ಸುಗ್ಗಿ ಹಬ್ಬದಲ್ಲಿ, ಸಭೆಯವರು ತಂದ ಕಾಯಿ, ಧಾನ್ಯ, ಕೋಳಿಗಳನ್ನು ಚರ್ಚಿನ ಅಂಗಳದಲ್ಲಿ ಹರಾಜು ಹಾಕುವಾಗ, ಮುನ್ನೂರು ರೂಪಾಯಿ ಎಂದು ಗೊತ್ತುಮಾಡಿಕೊಂಡು ಹೋಗಿದ್ದ ಅಣ್ಣ ಒಂದು ಕುಂಬಳಕಾಯಿಗೆ ಒಂಬೈನೂರು ಕೂಗಿ ಮನೆಗೆ ತಂದರು. ಅಕ್ಕ ಒಂದು ವಾರ ಕುಂಬಳಕಾಯಿ ಬಿಟ್ಟು ಬೇರೆ ಪಲ್ಯ ಮಾಡಲಿಲ್ಲ.

ರಜೆಯಲ್ಲಿ ಇವರ ಮಕ್ಕಳನ್ನೂ ನಮ್ಮ ಮಕ್ಕಳನ್ನೂ ಬುತ್ತಿ ಕಟ್ಟಿಕೊಂಡು ಹಂಪಿಗೆ ಕರೆದೊಯ್ಯುತ್ತಿದ್ದೆವು. ಬಸ್ ಚಾರ್ಜು ಬಿಟ್ಟರೆ ಖರ್ಚಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಇಲ್ಲಿಗೆ ಬಂದ ಪೋರ್ಚುಗೀಸ್ ಡೊಮಿಂಗೊ ಪಾಯಸ್ ಅರಮನೆ, ಆನೆಗಳ ಜೊತೆಗೆ ಕೋಳಿಯ ರೇಟನ್ನೂ ಬರೆದಿಟ್ಟಿದ್ದಾನೆ. ಪಟ್ಟಣದ ಒಳಗಿಗಿಂತ ಹೊರಗೆ ಕೋಳಿ ಅಗ್ಗ ಎಂದು. ಇದನ್ನು ಕೇಳಿ ಅಣ್ಣನ ಮಗಳು, ‘ಅಮ್ಮ ಕಂಪ್ಲಿ ಸಂತೆಯಿಂದ ಕಾಯಿಪಲ್ಲೆ ತರೋದೂ ಅದಕ್ಕೇ’ ಎಂದಳು. ಹಿಂತಿರುಗುವಾಗ ಅಣೆಕಟ್ಟಿಗೂ ಹೋದೆವು. 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರೆಯ ಜಲಾಶಯಕ್ಕೆ ಮೊದಲು 133 ಟಿ.ಎಂ.ಸಿ. ಅಡಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಹಿಡಿಯುವುದು 105ರಷ್ಟು. ಆ ಇಪ್ಪತ್ತೆಂಟು ಒಂದೇ ದಿನ ಹೋದದ್ದಲ್ಲ ಎಂದೆ. ಹುಡುಗಿ ಅಪ್ಪನತ್ತ ತಿರುಗಿ, ‘ನಮ್ಮ ಏನೋ ಸಾಲು’ ಎಂದು ನಕ್ಕಳು.

ಆ ಹುಡುಗಿ ಈಗ ಬೆಂಗಳೂರಿನಲ್ಲಿ ನರ್ಸ್. ಓದಿಸಿದ್ದು ಬ್ಯಾಂಕಿನ ಶಿಕ್ಷಣ ಸಾಲದಿಂದ, ಕಂತು ಕಟ್ಟುತ್ತಿರುವವಳು ಅವಳೇ. ತಿಂಗಳ ಮೊದಲ ಭಾನುವಾರ ಅವಳ ಲೆಕ್ಕದ ಪುಟದ ಫೋಟೊ ಅಣ್ಣನ ಮೊಬೈಲಿಗೆ ಬರುತ್ತದೆ. ತಮ್ಮ ಪಾಲಿಟೆಕ್ನಿಕ್ ಓದುತ್ತಿದ್ದಾನೆ, ಅವನಿಗೆ ಕಂತಿನ ಮೇಲೆ ಬೈಕ್ ಬೇಕು. ಕಳೆದ ಭಾನುವಾರ ಷೋರೂಮಿನ ಚೀಟಿಯನ್ನು ಮೇಜಿನ ಮೇಲಿಟ್ಟ. ಅಣ್ಣ ಏನೂ ಹೇಳದೆ ಕ್ಯಾಲ್ಕುಲೇಟರನ್ನು ಅವನತ್ತ ಸರಿಸಿದರು. ಹುಡುಗ ಸಂಜೆ ಕಾಗದ ಹಿಡಿದು ನಮ್ಮ ಮನೆಗೆ ಬಂದ. ‘ಸರ್, ಇವರು ಹೇಳೋ ಬಡ್ಡಿ ಯಾವುದರ ಮೇಲೆ, ಪೂರ್ತಿ ಅಸಲಿನ ಮೇಲೋ ಉಳಿದದ್ದರ ಮೇಲೋ?’ ಎಂದು ಕೇಳಿದ. ಷೋರೂಮಿನವರನ್ನೇ ಕೇಳಿಕೊಂಡು ಬಾ ಎಂದು ಕಳುಹಿಸಿದ್ದೇನೆ. ಬೈಕು ಇನ್ನೂ ಬಂದಿಲ್ಲ.