ಅರಸನ ಗತ್ತು, ಸಾರಥಿಯ ಅಣಕು

ಗಂಭೀರವಾದುದನ್ನು ಹಗುರ ಮಾತಿಗೆ ಇಳಿಸಿ, ಇಲ್ಲವೇ ಕ್ಷುಲ್ಲಕವಾದುದಕ್ಕೆ ಭಾರಿ ಮಾತಿನ ಪೋಷಾಕು ತೊಡಿಸಿ ನಗೆ ಹುಟ್ಟಿಸುವ ಅನುಕರಣೆಗೆ ಪಾಶ್ಚಾತ್ಯರು ಇಟ್ಟ ಹೆಸರು 'ಬರ್ಲೆಸ್ಕ್'. ತಮಾಷೆ ಎಂಬರ್ಥದ ಇಟಲಿಯ 'ಬುರ್ಲಾ'ದಿಂದ ಹುಟ್ಟಿದ ಈ ಹೆಸರು, ಫ್ರಾನ್ಸಿನ ಪಾಲ್ ಸ್ಕಾರನ್ 1648ರಿಂದ ವರ್ಜಿಲನ ಮಹಾಕಾವ್ಯವನ್ನು ಗೇಲಿಯ ಪದ್ಯಗಳಲ್ಲಿ ತಿರುಗಿ ಬರೆಯತೊಡಗಿದಾಗ ಹೆಚ್ಚು ಬಳಕೆಗೆ ಬಂದಿತು; 1728ರಲ್ಲಿ ಲಂಡನ್ನಿನ ರಂಗಕ್ಕೆ ಬಂದ ಜಾನ್ ಗೇಯ 'ಬೆಗರ್ಸ್ ಆಪರಾ' ಇಟಲಿ ಸಂಗೀತನಾಟಕದ ಬಿಂಕವನ್ನು ಕಳ್ಳಕಾಕರ ಬಾಯಿಗೆ ಹಾಕಿತು. ಲಿಡಿಯಾ ಥಾಂಪ್ಸನ್ನಳ ತಂಡ 1868ರಲ್ಲಿ ನ್ಯೂಯಾರ್ಕಿಗೆ ಹೋದ ತರುವಾಯ ಅಮೆರಿಕದಲ್ಲಿ ಅಣಕು ಕ್ರಮೇಣ ಹಿಂದೆ ಸರಿದು ಮೈಪ್ರದರ್ಶನ ಮುಂದೆ ಬಂದುದರಿಂದ, ಹಲವರಿಗೆ ಇಂದು ಆ ಎರಡನೆಯದೇ ನೆನಪಾಗುತ್ತದೆ.

ಭಾರತದಲ್ಲಿ ಈ ವಿಚಾರ ಇನ್ನೂ ಹಳೆಯದು. ಶೃಂಗಾರದ ಅನುಕರಣೆಯಿಂದ ಹಾಸ್ಯ ಹುಟ್ಟುತ್ತದೆಂದು ನಾಟ್ಯಶಾಸ್ತ್ರ ಹೇಳುತ್ತದೆ. ಅದು ಎಣಿಸುವ ಹತ್ತು ಬಗೆಯ ರೂಪಕಗಳಲ್ಲಿ ನಗೆನಾಟಕವಾದ ಪ್ರಹಸನವೂ ಒಂದು. 7ನೆಯ ಶತಮಾನದ ಪಲ್ಲವ ದೊರೆ ಮಹೇಂದ್ರವರ್ಮನ 'ಮತ್ತವಿಲಾಸ'ದಲ್ಲಿ ಕುಡುಕ ಕಾಪಾಲಿಕನೊಬ್ಬ ತನ್ನ ಕಪಾಲ ಕಳೆದುಕೊಂಡು ಬೌದ್ಧ ಭಿಕ್ಷುವಿನ ಮೇಲೆ ಕಳ್ಳತನ ಹೊರಿಸುತ್ತಾನೆ. ಅದನ್ನು ಕಚ್ಚಿಕೊಂಡು ಹೋದದ್ದು ನಾಯಿ.

ಉತ್ತರ ಕರ್ನಾಟಕದಲ್ಲಿ ಈ ಕಲೆಯ ನಿಜವಾದ ನೆಲೆ ಬಯಲಾಟ, ಅದರಲ್ಲಿಯೂ ದೊಡ್ಡಾಟ. ಕಿರೀಟ, ಭುಜಕೀರ್ತಿ ಧರಿಸಿದ ಅರಸು ಪಾತ್ರಧಾರಿ ರಂಗ ಅದುರುವಂತೆ ಕುಣಿದು ಬಂದು, ಅಲ್ಪಪ್ರಾಣಗಳನ್ನೂ ಮಹಾಪ್ರಾಣ ಮಾಡಿ, ಸಂಸ್ಕೃತಭೂಯಿಷ್ಠವಾದ ಉದ್ದುದ್ದ ವಚನಗಳಲ್ಲಿ ತನ್ನ ಪ್ರತಾಪ ಸಾರುತ್ತಾನೆ. ಅವನೆದುರು ನಿಂತ ಸಾರಥಿ, ಅಂದರೆ ಪಾತ್ರಗಳನ್ನು ಮಾತನಾಡಿಸಿ ಪರಿಚಯಿಸುವ ಹಾಸ್ಯಗಾರ, ಅಚ್ಚ ಊರ ಮಾತಿನಲ್ಲಿ 'ನೀವು ಯಾರು, ಯಾವೂರು' ಎಂದು ಕೇಳಿ, ಬಂದ ಉತ್ತರವನ್ನು ಬೇಕೆಂದೇ ತಪ್ಪಾಗಿ ತಿಳಿದು, ಒಂದೇ ಮಾತಿಗೆ ಆ ಸಿಂಹಾಸನವನ್ನು ಊರ ಕಟ್ಟೆಗೆ ತಂದು ಕೂರಿಸುತ್ತಾನೆ. ಜನ ಬಿದ್ದು ಬಿದ್ದು ನಗುತ್ತಾರೆ, ಮರುಕ್ಷಣವೇ ಅದೇ ಅರಸನಿಗೆ ಕೈಮುಗಿಯುತ್ತಾರೆ. ಯುರೋಪಿನಲ್ಲಿ ಮೂಲಕೃತಿ ಒಂದಾಗಿ, ಅದರ ಅಣಕು ಇನ್ನೊಂದಾಗಿ ಬೇರೆಬೇರೆ ನಿಂತವು. ದೊಡ್ಡಾಟದಲ್ಲಿ ಎರಡೂ ಒಂದೇ ರಂಗದ ಮೇಲೆ, ಒಂದೇ ರಾತ್ರಿ ನಡೆಯುತ್ತವೆ. ಇದು ಸಣ್ಣ ವ್ಯತ್ಯಾಸವಲ್ಲ.

ಈ ನಗೆಗೆ ಇಲ್ಲಿ ಮರ್ಯಾದೆಯೂ ಇತ್ತು. 12ನೆಯ ಶತಮಾನದ ಶರಣರಲ್ಲಿ ನಗೆಯ ಮಾರಿತಂದೆಗೆ ನಗಿಸುವುದೇ ಕಾಯಕವಾದರೆ, ಬಹುರೂಪಿ ಚೌಡಯ್ಯನಿಗೆ ವೇಷ ಕಟ್ಟುವುದೇ ಕಾಯಕ. ರಾಯಚೂರು, ಬಳ್ಳಾರಿ ಕಡೆಯ ಹಗಲುವೇಷದವರು, ಹೆಸರೇ ಹೇಳುವಂತೆ, ರಂಗಮಂಟಪ, ದೀಪಗಳ ಹಂಗಿಲ್ಲದೆ ಹಾರ್ಮೋನಿಯಂ, ತಬಲ ಹಿಡಿದು ಬೀದಿಗಿಳಿದು, ಪುರಾಣದ ವೀರರ ವೇಷಗಳ ನಡುನಡುವೆ ನಗೆಯ ಪ್ರಸಂಗಗಳನ್ನೂ ಆಡಿ, ಕೊನೆಗೆ ಮನೆಮನೆಯಿಂದ ಕಾಳು, ಕಾಸು ಪಡೆಯುತ್ತಾರೆ. ಅಚ್ಚಿನಲ್ಲಿ ಇದೇ ಕೆಲಸಕ್ಕೆ 1942ರಲ್ಲಿ ರಾಶಿಯವರ 'ಕೊರವಂಜಿ' ಪತ್ರಿಕೆ ಹುಟ್ಟಿ, ನಾ. ಕಸ್ತೂರಿಯವರಂಥ ವಿನೋದ ಬರಹಗಾರರಿಗೆ ವೇದಿಕೆಯಾಯಿತು.

ಇಡೀ ರಾತ್ರಿಯ ಆಟವನ್ನು ಉತ್ಸವಗಳಿಗಾಗಿ ಒಂದೆರಡು ಗಂಟೆಗೆ ಇಳಿಸುವವರು ಸಾರಥಿಯ ಮಾತಿಗೆ ಮೊದಲು ಕತ್ತರಿ ಹಾಕಬಾರದು; ಅವನಿಲ್ಲದ ರಂಗದಲ್ಲಿ ಅರಸನ ಗತ್ತು ಬರೀ ಗದ್ದಲವಾಗುತ್ತದೆ.