ಕಡಲ ಜೀವಿಗಳ ಮದ್ದಿಗೆ ಒಡೆಯರಾರು?

ಎಸ್ಪ್ಲನೇಡಿನ ಜನಸಂದಣಿಯಲ್ಲಿ ವಂಗ ಗೃಹಿಣಿಯರ ಕೈಗಳಲ್ಲಿನ ಶಂಖದ ಬಿಳಿಯ ಬಳೆಗಳನ್ನು ಕಾಣದವರಿಲ್ಲ. ಆ ಶಂಖದ ದೂರದ ಬಂಧುವೊಂದು ವಿಷದ ಮುಳ್ಳಿನಿಂದ ಮೀನನ್ನು ಬೇಟೆಯಾಡುತ್ತದೆ. ಕೋನ್ ಬಸವನಹುಳುವೆಂದು ಅದರ ಹೆಸರು. ಅದರ ವಿಷದಲ್ಲಿದ್ದ 25 ಅಮೈನೋ ಆಮ್ಲಗಳ ಸರಪಣಿಯೊಂದನ್ನು ಅಮೆರಿಕದ ಯೂಟಾದಲ್ಲಿ ಬಾಲ್ಡೊಮೆರೊ ಒಲಿವೆರಾ ಅವರ ಪ್ರಯೋಗಶಾಲೆ ಬೇರ್ಪಡಿಸಿತು. ಅದರ ಕೃತಕ ಪ್ರತಿರೂಪವೇ ಜಿಕೊನೊಟೈಡ್. ಅನ್ಯ ಮದ್ದುಗಳಿಗೆ ಬಗ್ಗದ ತೀವ್ರ ನೋವಿಗೆ ಬೆನ್ನುಹುರಿಯ ಸುತ್ತಣ ದ್ರವದೊಳಗೆ ಕೊಡುವ ಈ ಔಷಧಕ್ಕೆ ಅಲ್ಲಿ 2004ರಲ್ಲಿ ಅನುಮತಿ ದೊರೆಯಿತು.

ಬಸವನಹುಳುವನ್ನು ಮನುಷ್ಯನೇನೂ ಸೃಷ್ಟಿಸಲಿಲ್ಲ. ಹಾಗಿರುವಾಗ ಪೇಟೆಂಟು ಯಾವುದಕ್ಕೆ? ನಿಸರ್ಗದಲ್ಲಿರುವ ಜೀವಿಯನ್ನಾಗಲಿ ನಿರ್ಜೀವ ವಸ್ತುವನ್ನಾಗಲಿ ಕಂಡುಹಿಡಿದ ಮಾತ್ರಕ್ಕೆ ಅದು ಆವಿಷ್ಕಾರವಾಗದೆಂದು ಭಾರತದ ಪೇಟೆಂಟ್ ಕಾಯಿದೆಯ 3ನೆಯ ಪ್ರಕರಣ ಹೇಳುತ್ತದೆ. ಸತ್ವವನ್ನು ಬೇರ್ಪಡಿಸುವ ನೂತನ ವಿಧಾನಕ್ಕೆ, ಅಥವಾ ಅದನ್ನು ಮಾರ್ಪಡಿಸಿ ರಚಿಸಿದ ಹೊಸ ಅಣುವಿಗೆ ಹಕ್ಕು ಕೇಳಬಹುದು. 1970ರ ಕಾಯಿದೆ ಔಷಧಗಳಲ್ಲಿ ತಯಾರಿಕೆಯ ವಿಧಾನಕ್ಕೆ ಮಾತ್ರ, ಅದೂ ಹೆಚ್ಚೆಂದರೆ 7 ವರ್ಷ, ಹಕ್ಕನ್ನು ನೀಡುತ್ತಿತ್ತು. 2005ರಿಂದ ಔಷಧಕ್ಕೇ 20 ವರ್ಷಗಳ ಹಕ್ಕು ಲಭಿಸುತ್ತದೆ.

ಈ ವಿಚಾರದಲ್ಲಿ ಕೋಲ್ಕತ್ತಕ್ಕೂ ಒಂದು ಪಾತ್ರವುಂಟು. ಸ್ವಿಟ್ಜರ್ಲೆಂಡಿನ ಡಿಮಿನಾಕೊ ಕಂಪನಿಯ ಕೋಳಿ ಲಸಿಕೆಯಲ್ಲಿ ಜೀವಂತ ವೈರಾಣುವಿದೆಯೆಂಬ ಕಾರಣದಿಂದ ಪೇಟೆಂಟ್ ಕಚೇರಿ ಅದರ ತಯಾರಿಕಾ ವಿಧಾನಕ್ಕೆ ಹಕ್ಕನ್ನು ನಿರಾಕರಿಸಿತ್ತು. ಎಸ್ಪ್ಲನೇಡ್ ರೋ ವೆಸ್ಟಿನಲ್ಲಿರುವ ಕಲ್ಕತ್ತಾ ಉಚ್ಚ ನ್ಯಾಯಾಲಯ 2002ರ ಜನವರಿಯಲ್ಲಿ ಆ ನಿರಾಕರಣೆಯನ್ನು ತಳ್ಳಿಹಾಕಿ, ಅರ್ಜಿಯನ್ನು ಪುನಃ ಪರಿಶೀಲಿಸುವಂತೆ ಆದೇಶಿಸಿತು. ಕೊನೆಯ ವಸ್ತು ಸಜೀವವೆಂಬ ಒಂದೇ ಕಾರಣಕ್ಕೆ ಅದನ್ನು ತಯಾರಿಸುವ ವಿಧಾನವನ್ನು ಬದಿಗಿಡಲಾಗದೆಂಬುದು ತೀರ್ಪಿನ ಸಾರ. ಕೋಳಿಯ ವ್ಯಾಜ್ಯವಾದರೂ ಜೀವಮೂಲದ ಔಷಧಗಳ ಚರ್ಚೆಯಲ್ಲೆಲ್ಲ ಅದರ ಹೆಸರು ಬರುತ್ತದೆ.

ರೋಗಿಗೆ ಇದರಿಂದೇನು? ರಕ್ತದ ಕ್ಯಾನ್ಸರಿಗೆ ಕೊಡುವ ಸೈಟರಬಿನ್ ಎಂಬ ಔಷಧ, 1950ರ ದಶಕದಲ್ಲಿ ಕೆರಿಬಿಯನ್ ಸ್ಪಂಜೊಂದರಲ್ಲಿ ದೊರೆತ ವಸ್ತುಗಳ ಮಾದರಿಯಲ್ಲಿ ರಚಿತವಾದುದು. ಅದರ ಪೇಟೆಂಟ್ ಅವಧಿ ಎಂದೋ ಮುಗಿದಿರುವುದರಿಂದ ಹಲವು ಕಂಪನಿಗಳು ಅದನ್ನು ತಯಾರಿಸುತ್ತವೆ. ಅವಧಿ ಮುಗಿಯದ ಔಷಧವಾದರೆ ಬೆಲೆ ಒಬ್ಬನ ಕೈಯಲ್ಲಿರುತ್ತದೆ.

ಕಡಲತೀರದವರ ಪಾಲನ್ನೂ ಕಾನೂನು ನೆನೆದಿದೆ. 2002ರ ಜೈವಿಕ ವೈವಿಧ್ಯ ಕಾಯಿದೆಯ ಪ್ರಕಾರ, ಭಾರತದ ಜೀವಸಂಪತ್ತನ್ನು ಆಧರಿಸಿದ ಪೇಟೆಂಟಿಗೆ ವಿದೇಶೀಯರು ಚೆನ್ನೈನಲ್ಲಿರುವ ರಾಷ್ಟ್ರೀಯ ಪ್ರಾಧಿಕಾರದ ಒಪ್ಪಿಗೆ ಪಡೆಯಬೇಕು. 2023ರ ತಿದ್ದುಪಡಿಯ ಬಳಿಕ ಸ್ವದೇಶೀಯರು ಅಲ್ಲಿ ನೋಂದಾಯಿಸಿಕೊಳ್ಳಬೇಕು. ಲಾಭದ ಹಂಚಿಕೆಯೂ ಅದರ ಮೂಲಕವೇ.

ಮಂಗಳೂರಿನ ಕಡೆಯವರಿಗೆ ಪಚ್ಚಿಲೆಯ ರುಚಿ ಗೊತ್ತು. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಅದರ ಸತ್ವದಿಂದ ಸಂಧಿನೋವಿಗೆಂದು ‘ಕಡಲ್‌ಮಿನ್’ ಗುಳಿಗೆಯನ್ನು ರೂಪಿಸಿದೆ. ಅದು ಪೂರಕ ಆಹಾರವೇ ಹೊರತು ವೈದ್ಯರು ಬರೆದುಕೊಟ್ಟ ಔಷಧಕ್ಕೆ ಬದಲಿಯಲ್ಲ. ಚಿಪ್ಪುಜೀವಿಗಳು ಒಗ್ಗದವರು ವೈದ್ಯರನ್ನು ಕೇಳದೆ ಅದನ್ನು ಸೇವಿಸಬಾರದು.